ಗಾಳದ ಮೀನು ಒಣಗಿಸಲೊಂದು ತಿರುಗಣೆ

ಮೈಸೂರು: ಮರದ ತುಂಡು ಕೆತ್ತಿ, ಉಜ್ಜಿ, ಬಣ್ಣ ಬಳಿದು, ಕಣ್ಣು ಅಂಟಿಸಿ ಗಾಳಕ್ಕೊಂದು ಕೃತಕ ಮೀನು ಸಿದ್ಧಪಡಿಸಲು ಹವ್ಯಾಸಿಗೆ ವಾರವಾದರೂ ಬೇಕು. ಅದು ಕೆಡಲು ಒಂದು ಗಂಟೆ ಸಾಕು. ಕೊನೆಯದಾಗಿ ಹಚ್ಚುವ ಎಪಾಕ್ಸಿ ಲೇಪ ಗಟ್ಟಿಯಾಗುವ ಮುನ್ನವೇ ಜೋತುಬಿದ್ದು, ಬಾಲದ ತುದಿಯಲ್ಲಿ ಹನಿಯಾಗಿ ನಿಲ್ಲುತ್ತದೆ. ಬೆನ್ನಿನ ಮೇಲೆ ಲೇಪ ತೆಳುವಾಗುತ್ತದೆ. ತೆಳುವಾದಲ್ಲಿ ಬಿರುಕು, ಬಿರುಕಿನೊಳಗೆ ನೀರು, ನೀರು ಕುಡಿದ ಮರ ಉಬ್ಬಿ ಬಣ್ಣ ಸಿಡಿಯುತ್ತದೆ. ಹೊಟ್ಟೆಯ ಕಡೆ ಭಾರ ಹೆಚ್ಚಾದರೆ ನೀರಿನಲ್ಲಿ ಅದರ ಓಲಾಟವೂ ಬದಲಾಗುತ್ತದೆ.

ಲೇಪ ಗಟ್ಟಿಯಾಗುವವರೆಗೆ ಮೀನನ್ನು ನಿಧಾನವಾಗಿ ತಿರುಗಿಸುತ್ತಲೇ ಇರುವುದೊಂದೇ ಇದಕ್ಕೆ ಪರಿಹಾರ. ಎರಡು ಮೂರು ಗಂಟೆ ಕೈಯಲ್ಲಿ ತಿರುಗಿಸುವ ತಾಳ್ಮೆ ಯಾರಿಗಿದೆ? ಆ ಕೆಲಸವನ್ನು ಮಾಡುವ ಯಂತ್ರವೇ ತಿರುಗಣೆ. ವಿದೇಶಗಳಲ್ಲಿ ಸಿದ್ಧ ತಿರುಗಣೆಗಳು ಮಾರಾಟಕ್ಕಿವೆಯಾದರೂ, ಅಗ್ರಹಾರದ ಮನೆಯೊಂದರ ಅಟ್ಟದಲ್ಲಿರುವ ಹಳೆಯ ಸಾಮಾನುಗಳಿಂದಲೇ ಇದನ್ನು ಕಟ್ಟಬಹುದು.

ಇದರ ಜೀವಾಳ ಮೋಟಾರು. ನಿಮಿಷಕ್ಕೆ ಐದಾರು ಸುತ್ತು ತಿರುಗಿದರೆ ಸಾಕು. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆಯ ಕೆಳಗಿರುವ ಪುಟ್ಟ ಸಿಂಕ್ರೊನಸ್ ಮೋಟಾರು ಇದೇ ವೇಗದ್ದು. ಏರ್ ಕೂಲರಿನ ರೆಕ್ಕೆ ಆಡಿಸುವ ಮೋಟಾರೂ ಆಗಬಹುದು. ನವರಾತ್ರಿಯ ಬೊಂಬೆಗಳ ನಡುವೆ ತಿರುಗುವ ವೇದಿಕೆ ಇಟ್ಟವರಿಗೆ ಇದು ಪರಿಚಿತ ವಸ್ತುವೇ. ಆದರೆ ಮೈಕ್ರೋವೇವ್ ಮೋಟಾರುಗಳಲ್ಲಿ 220 ವೋಲ್ಟ್‌ನವೂ ಇವೆ, 21 ವೋಲ್ಟ್‌ನವೂ ಇವೆ. ಎರಡನೆಯದನ್ನು ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಮೈಮೇಲಿನ ಚೀಟಿ ಓದದೆ ತಂತಿ ಮುಟ್ಟಬಾರದು. ಮೈಕ್ರೋವೇವನ್ನು ತಾವೇ ಬಿಚ್ಚುವ ಸಾಹಸವೂ ಬೇಡ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲದು. ರಿಪೇರಿ ಅಂಗಡಿಯಲ್ಲಿ ಮೋಟಾರನ್ನಷ್ಟೇ ಕೇಳಿ ಪಡೆಯುವುದು ಲೇಸು.

ಚೌಕಟ್ಟಿಗೆ ಪ್ಲೈವುಡ್ ಸಾಕು. ಒಂದು ಗೇಣಿಗಿಂತ ಸ್ವಲ್ಪ ದೊಡ್ಡದಾದ ಎರಡು ಚಕ್ರಗಳನ್ನು ಕತ್ತರಿಸಿ, 8 ಮಿಲಿಮೀಟರ್ ದಪ್ಪದ ಮರೆ ಸರಳಿಗೆ ಒಂದಡಿ ಅಂತರದಲ್ಲಿ ನಟ್ಟುಗಳಿಂದ ಬಿಗಿಯಬೇಕು. ಮಕ್ಕಳ ಸ್ಕೇಟಿಂಗ್ ಚಕ್ರದ ಬೇರಿಂಗಿನ ರಂಧ್ರವೂ 8 ಮಿಲಿಮೀಟರ್ ಆದ್ದರಿಂದ ಸರಳಿನ ಎರಡೂ ತುದಿ ಅದರಲ್ಲಿ ಕೂರುತ್ತದೆ. ಭಾರವನ್ನು ಬೇರಿಂಗುಗಳೇ ಹೊರಬೇಕು, ಮೋಟಾರು ತಿರುಗಿಸಬೇಕಷ್ಟೇ. ಮೋಟಾರಿಗೂ ಸರಳಿಗೂ ನಡುವೆ ರಬ್ಬರ್ ಕೊಳವೆಯ ತುಂಡೊಂದನ್ನು ತೊಡಿಸಿದರೆ ಅಲ್ಪಸ್ವಲ್ಪ ಸೊಟ್ಟವಿದ್ದರೂ ನಡೆಯುತ್ತದೆ. ಚಕ್ರಗಳ ಅಂಚಿನಲ್ಲಿ ಸಣ್ಣ ಕೊಕ್ಕೆಗಳಿರಲಿ. ಮೀನಿನ ಮೂಗನ್ನು ಒಂದು ಕೊಕ್ಕೆಗೆ ಸಿಕ್ಕಿಸಿ, ಬಾಲವನ್ನು ರಬ್ಬರ್ ಬ್ಯಾಂಡಿನಿಂದ ಎದುರು ಚಕ್ರಕ್ಕೆ ಎಳೆದು ಕಟ್ಟಬೇಕು. ಸಡಿಲವಾದರೆ ಮೀನು ತನ್ನಷ್ಟಕ್ಕೆ ತೂಗಾಡುತ್ತದೆಯೇ ಹೊರತು ತಿರುಗುವುದಿಲ್ಲ.

ಎಲ್ಲ ಮೀನುಗಳನ್ನೂ ಒಂದೇ ಬದಿಗೆ ಕಟ್ಟಿದರೆ ನಾಲ್ಕು ವ್ಯಾಟ್‌ನ ಬಡಪಾಯಿ ಮೋಟಾರು ಭಾರ ಎತ್ತಲಾರದೆ ನಿಲ್ಲುತ್ತದೆ, ಇಲ್ಲವೇ ಹಿಂದಕ್ಕೆ ತಿರುಗತೊಡಗುತ್ತದೆ. ದಿಕ್ಕಿನ ಚಿಂತೆ ಬೇಡ, ಸಮತೋಲ ಮುಖ್ಯ. ನಾಲ್ಕು ಗಂಟೆ ಓಡಿದರೂ ಖರ್ಚಾಗುವ ವಿದ್ಯುತ್ತು ಒಂದು ಯೂನಿಟ್ಟಿನ ಅರವತ್ತನೇ ಒಂದು ಪಾಲು ಮಾತ್ರ. ನಡುವೆ ಕರೆಂಟು ಹೋದರೆ ಚಕ್ರವನ್ನು ನಿಮಿಷಕ್ಕೊಮ್ಮೆಯಾದರೂ ಕೈಯಿಂದ ಅರ್ಧ ಸುತ್ತು ತಿರುಗಿಸುತ್ತಿರಬೇಕು.

ರಾಳ ಮತ್ತು ಗಟ್ಟಿಕಾರಕವನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಗಟ್ಟಿಕಾರಕ ಹೆಚ್ಚು ಹಾಕಿದರೆ ಲೇಪ ಜಿಗುಟಾಗಿಯೇ ಉಳಿಯುತ್ತದೆ. ಮಳೆಗಾಲದ ತೇವದಲ್ಲಿ ಮೇಲ್ಮೈ ಮಂಜು ಕವಿದಂತೆ ಮಸುಕಾಗುವುದುಂಟು. ಕೈಗವಸು ತೊಡಲೇಬೇಕು. ಹಸಿ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪರ್ಯಂತ ಕಾಡುತ್ತದೆ.

ಮೈಸೂರಿಗೂ ಗಾಳಕ್ಕೂ ಹಳೆಯ ನಂಟಿದೆ. ಬೇಟೆಯ ಪ್ರಾಣಿಗಳ ಚರ್ಮ ತುಂಬಿ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿದ್ದ ಇಲ್ಲಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್, 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಕೊಳ್ಳದ ಆ ಗೂನುಬೆನ್ನಿನ ಮಹಶೀರ್‌ಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ವನ್ಯಜೀವಿ ಧಾಮದಲ್ಲಿ, ಭೀಮೇಶ್ವರಿಯಂಥ ಹೆಸರಾಂತ ತಾಣದಲ್ಲೂ ಈಗ ಗಾಳ ಹಾಕುವಂತಿಲ್ಲ.

ಆದ್ದರಿಂದ ತಿರುಗಣೆಯಿಂದ ಇಳಿಸಿದ ಮೀನನ್ನು ಎಲ್ಲಿ ಎಸೆಯುವುದೆಂಬ ಪ್ರಶ್ನೆಗೆ ಮೊದಲು ಉತ್ತರ ಕಂಡುಕೊಳ್ಳಬೇಕು. ಕೆರೆಯಾದರೆ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರಿಗಿರಬಹುದು. ಅನುಮತಿ ಕೇಳಿಯೇ ಇಳಿಯಬೇಕು. ಹಿಡಿದು ಬಿಡುವ ಹವ್ಯಾಸವಾದರೆ ಮೂರು ಮುಳ್ಳಿನ ಗಾಳದ ಬದಲು ಎದುರುಮುಳ್ಳಿಲ್ಲದ ಒಂಟಿ ಗಾಳ ಕಟ್ಟಬೇಕು. ಲೇಪ ಮುಟ್ಟಿದರೆ ಅಂಟದಂತಾಗಲು ಒಂದು ರಾತ್ರಿ ಸಾಕಾದರೂ, ಗಾಳ ಕಟ್ಟಿ ನೀರಿಗಿಳಿಸುವ ಮುನ್ನ ಇನ್ನೂ ಎರಡು ಮೂರು ದಿನ ಬಿಡುವುದು ಒಳ್ಳೆಯದು.