ಸಂಜೆಯೊಳಗೆ ಸಲ್ಲಬೇಕಾದ ಕೂಲಿ

ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಬಂದಾಗ ನಮ್ಮ ಮನೆಗೆಲಸದಾಕೆ ಜಗಲಿಯಲ್ಲಿ ಕುಳಿತಿದ್ದಳು. ಅಂದು ಆಕೆಗೆ ರಜೆ. ವಾರದ ಸಂಬಳ ಶನಿವಾರ ಸಂಜೆಯೇ ಸಲ್ಲಬೇಕಿತ್ತು. ಚಿಲ್ಲರೆ ಇಲ್ಲ, ನಾಳೆ ಬಾ ಎಂದು ನಾನೇ ಕಳುಹಿಸಿದ್ದೆ. ಚಿಲ್ಲರೆ ಇಲ್ಲದಿದ್ದುದು ನಿಜ. ಆದರೆ ಕಾಣಿಕೆಯ ತಟ್ಟೆಗೆ ಹಾಕಲೆಂದು ಹೊಸ ನೋಟೊಂದನ್ನು ಜೋಪಾನವಾಗಿ ತೆಗೆದಿರಿಸಿದ್ದೂ ಅಷ್ಟೇ ನಿಜ. ಆಕೆ ದೂರಲಿಲ್ಲ. ಹಳೆಯ ಬಾಕಿ ತೀರದೆ ಅಕ್ಕಿ ಕೊಡಲಾರೆನೆಂದು ಅಂಗಡಿಯವನು ಹೇಳಿದನಂತೆ, ಇಷ್ಟೇ ತಿಳಿಸಿದಳು.

ಸಂತ ಮತ್ತಾಯನ ಶುಭಸಂದೇಶದ 20ನೆಯ ಅಧ್ಯಾಯದಲ್ಲಿ ಬರುವ ದ್ರಾಕ್ಷಿತೋಟದ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಕೊನೆಯ ತಾಸಿಗೆ ಬಂದವನಿಗೂ ಪೂರ್ಣ ಕೂಲಿ ಕೊಟ್ಟ ಯಜಮಾನನ ಔದಾರ್ಯವನ್ನು ಕುರಿತು ಪ್ರಬೋಧನೆಗಳನ್ನು ಕೇಳಿದ್ದೇವೆ. ಆತ ಸಂಜೆಯಾದೊಡನೆ ಮೇಸ್ತ್ರಿಯನ್ನು ಕರೆದು ಕೂಲಿ ಹಂಚಿಸಿದನೆಂಬ ಮಾತು ಮಾತ್ರ ನಮ್ಮ ಕಿವಿಗೆ ಬೀಳದೆ ಜಾರಿಹೋಗುತ್ತದೆ. ಅದು ಆತನ ಔದಾರ್ಯವಲ್ಲ, ಧರ್ಮಶಾಸ್ತ್ರದ ಕಟ್ಟಳೆ. ಬಡ ಕೂಲಿಯಾಳಿಗೆ ಸೂರ್ಯ ಮುಳುಗುವ ಮುನ್ನವೇ ಕೂಲಿ ಸಲ್ಲಬೇಕೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ತಡೆಹಿಡಿದ ಕೂಲಿ ದೇವರ ಮುಂದೆ ಕೂಗಿಡುತ್ತದೆಂದು ಸಂತ ಯಕೋಬನು ಶ್ರೀಮಂತರನ್ನು ಎಚ್ಚರಿಸಿದ್ದಾನೆ. 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕೂಲಿಯವನಿಗೆ ಎಸಗುವ ಅನ್ಯಾಯವನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ, ಕೊಲೆಯ ಜೊತೆಯಲ್ಲೇ ಇರಿಸಿದೆ. ಪಾಪನಿವೇದನೆಯಲ್ಲಿ ತಪ್ಪಿದ ಪೂಜೆಗಳನ್ನು ಲೆಕ್ಕವಿಟ್ಟು ಹೇಳುವ ನಾನು ಇದನ್ನು ಒಮ್ಮೆಯೂ ಹೇಳಿದವನಲ್ಲ.

‘ಅವಳೇ ಒಪ್ಪಿಕೊಂಡ ಸಂಬಳ’ ಎಂಬ ಸಮಾಧಾನವೂ ನಮ್ಮಲ್ಲುಂಟು. ಆಳು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದು ಆತನ ಜೀವನಕ್ಕೆ ಸಾಲುವಂತಿರಬೇಕು ಎಂದು ಜಗದ್ಗುರು 13ನೆಯ ಲಿಯೊ 1891ರಲ್ಲೇ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಸಾರಿದರು. ನಮ್ಮ ರಾಜ್ಯ ಸರಕಾರವು ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ್ದು 2004ರಲ್ಲಿ. ಆ ದರ ಎಷ್ಟೆಂದು ನಮ್ಮಲ್ಲಿ ಎಷ್ಟು ಮನೆಗಳು ವಿಚಾರಿಸಿವೆ?

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗನ ಸಂಬಳವನ್ನು ಅಲ್ಲಿನ ಧಣಿ ಎರಡು ತಿಂಗಳು ತಡೆದರೆ ಕರಾವಳಿಯ ನಮ್ಮ ಮನೆಗಳಲ್ಲಿ ನೊವೇನಾ ಆರಂಭವಾಗುತ್ತದೆ. ಆ ಧಣಿಯನ್ನು ಶಪಿಸದವರಿಲ್ಲ. ಅದೇ ಮನೆಯ ಅಂಗಳದಲ್ಲಿ ಅಡಿಕೆ ಸುಲಿದವಳು ತನ್ನ ಕೂಲಿಗಾಗಿ ಮೂರು ಸಲ ನಡೆದು ಬರುತ್ತಾಳೆ. ಇದನ್ನು ಕಂಡೇ ಬರೆಯುತ್ತಿದ್ದೇನೆ. ಬೇರೆಯವರ ಮನೆಯಲ್ಲಿ ಮಾತ್ರ ಕಂಡದ್ದಲ್ಲ.

ಆ ಭಾನುವಾರದ ನಂತರ ನಮ್ಮ ಮನೆಯಾಕೆ ಶುಕ್ರವಾರವೇ ಹಣವನ್ನು ಎಣಿಸಿ, ಲಕೋಟೆಯಲ್ಲಿ ಹಾಕಿ, ಪೀಠದ ಬಳಿ ಜಪಸರಗಳ ಪಕ್ಕದಲ್ಲಿ ಇಡತೊಡಗಿದಳು. ಮೊದಲ ಶನಿವಾರ ಸಂಜೆ ಲಕೋಟೆಯನ್ನು ಕೈಗಿತ್ತಾಗ ಕೆಲಸದಾಕೆ ಅದನ್ನು ಸೆರಗಿಗೆ ಕಟ್ಟಿಕೊಂಡು, ಅಂಗಳದವರೆಗೆ ಹೋದವಳು ತಿರುಗಿ ನಿಂತು, “ಹಾಗಾದರೆ ನಾಳೆ ನಾನು ಬರುವುದು ಬೇಡವೇ?” ಎಂದು ಕೇಳಿದಳು.