ಬಯಲುಸೀಮೆಯ ಮನೆ: ಕಟ್ಟುವ ಬಗೆ ಮತ್ತು ಕಾಪಾಡುವ ಬಗೆ

‘ವಾಸ್ತು’ ಎಂಬ ಶಬ್ದವು ‘ವಸ್’ ಎಂಬ ಧಾತುವಿನಿಂದ ಹುಟ್ಟಿದುದು. ವಾಸಮಾಡುವ ಎಡೆ ಎಂಬುದೇ ಅದರ ನೇರವಾದ ಅರ್ಥ. ಇಂದು ಆ ಶಬ್ದವನ್ನು ಕೇಳಿದೊಡನೆ ಬಾಗಿಲಿನ ದಿಕ್ಕು, ಶುಭಾಶುಭಗಳ ಲೆಕ್ಕ ಇವು ನೆನಪಾಗುತ್ತವೆ. ವೈಶಾಖದ ಮಧ್ಯಾಹ್ನವನ್ನೂ ಪುಷ್ಯದ ರಾತ್ರಿಯನ್ನೂ ಆ ಮನೆಯಲ್ಲಿ ಹೇಗೆ ಕಳೆಯಬೇಕೆಂಬ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಊರುಗಳಲ್ಲಿ ಹಿರಿಯರ ಮಾಳಿಗೆಮನೆಯನ್ನು ಕೆಡವಿ, ಸಾಲಮಾಡಿ, ಕಾಂಕ್ರೀಟಿನ ಮನೆಯನ್ನು ಕಟ್ಟಿಸುವವರು ಬಹುಮಂದಿ. ಕಟ್ಟಿಸಿದ ಮೇಲೆ ಸೆಕೆ ತಾಳಲಾರದೆ ಫ್ಯಾನು, ಕೂಲರುಗಳಿಗೆ ಮತ್ತೆ ಹಣ ತೆರುವವರೂ ಅವರೇ. ಅಂಥವರ ಉಪಯೋಗಕ್ಕೆಂದು ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಲಾಗಿದೆ.

ಹಳೆಯ ಮನೆ ತಂಪಾಗಿದ್ದುದಕ್ಕೆ ಕಾರಣ ಸರಳವಾದುದು. ಎರಡು ಅಡಿ ದಪ್ಪದ ಗೋಡೆಯನ್ನು ಹಗಲಿನ ಕಾವು ಮೆಲ್ಲಗೆ ಒಳಹೊಕ್ಕು, ಒಳಮೈಯನ್ನು ಮುಟ್ಟುವ ವೇಳೆಗೆ ಹೊತ್ತು ಮುಳುಗಿರುತ್ತಿತ್ತು. ಆಗ ಮನೆಮಂದಿ ಮಾಳಿಗೆಯ ಮೇಲೆ ಮಲಗುತ್ತಿದ್ದರು. ಚಳಿಗಾಲದಲ್ಲಿ ಅದೇ ಕಾವು ರಾತ್ರಿಯ ಹೊದಿಕೆಯಾಗುತ್ತಿತ್ತು. ಮಾಳಿಗೆಗೆ ಹೊದಿಸುತ್ತಿದ್ದ ಸವಳು ಮಣ್ಣಿನ ಗುಣವೂ ವಿಶೇಷವಾದುದು. ಅದರೊಳಗಿನ ಕ್ಷಾರದಿಂದಾಗಿ ಜೇಡಿಯ ಕಣಗಳು ಮಳೆಯಲ್ಲಿ ಬಿಡಿಬಿಡಿಯಾಗಿ ಹರಡಿ, ಸಣ್ಣ ರಂಧ್ರಗಳನ್ನು ಮುಚ್ಚಿ, ನೀರನ್ನು ತಡೆಯುತ್ತವೆ. ಬೆಳೆಗೆ ಬಾರದ ಮಣ್ಣು ಮನೆಗೆ ಬಂದಿತು! ನಾಲ್ಕೈದು ಅಂಗುಲದ ಕಾಂಕ್ರೀಟು ಚಪ್ಪಡಿಯಾದರೋ ಕೆಲವೇ ತಾಸುಗಳಲ್ಲಿ ಬಿಸಿಲನ್ನು ಒಳಗಿಳಿಸುತ್ತದೆ.

ಹಾಗೆಂದು ಹಳೆಯದೆಲ್ಲವೂ ನಿರ್ದೋಷವೆಂದು ಭಾವಿಸಲಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಭೂಮಿ ಕಂಪಿಸಿದಾಗ, ಮಣ್ಣಿನಲ್ಲಿ ಕೂಡಿಸಿದ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಕುಸಿದು, ಮಲಗಿದ್ದ ಸಾವಿರಾರು ಜನ ಅಡಿಯಲ್ಲಿ ಸಿಲುಕಿ ಮಡಿದರು. 2009 ಮತ್ತು 2019ರ ನೆರೆಗಳಲ್ಲಿ ಉತ್ತರ ಕರ್ನಾಟಕದ ಅಸಂಖ್ಯ ಮಣ್ಣಿನ ಮನೆಗಳು ನೆಲಕಚ್ಚಿದವು. ಆದುದರಿಂದ ಜನರು ಮಣ್ಣಿಗೆ ಅಂಜುವುದು ಅಕಾರಣವಲ್ಲ. ತಂಪನ್ನು ಉಳಿಸಿಕೊಂಡು ಅಪಾಯವನ್ನು ನೀಗುವುದು ಹೇಗೆಂಬುದೇ ವಿಚಾರಣೀಯ.

ಮೊದಲನೆಯದು, ದಿಕ್ಕು. ಬೇಸಗೆಯಲ್ಲಿ ಗೋಡೆಗಳನ್ನು ಕಾಯಿಸುವುದು ಮೂಡಣ ಮತ್ತು ಪಡುವಣ ಬಿಸಿಲು. ಮನೆಯ ಉದ್ದ ಪೂರ್ವಪಶ್ಚಿಮವಾಗಿದ್ದರೆ ಆ ಎರಡು ಗೋಡೆಗಳು ಕಿರಿದಾಗುತ್ತವೆ. ಅಲ್ಲಿ ಕಿಟಕಿಗಳನ್ನು ಮಿತಗೊಳಿಸಿ ಹೊಂಗೆ, ಬೇವುಗಳನ್ನು ನೆಡಬೇಕು. ತೆಂಕಣ ಕಿಟಕಿಯ ಲೆಕ್ಕ ಬೇರೆ. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ವಿಜಯಪುರದಲ್ಲಿ ಡಿಸೆಂಬರ್ ತಿಂಗಳ ನಡುಹಗಲ ಸೂರ್ಯನು ಸುಮಾರು 50 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ನಾಲ್ಕು ಅಡಿ ಎತ್ತರದ ಕಿಟಕಿಗೆ ಎರಡು ಅಡಿ ಚಾಚಿದ ಸಜ್ಜಾ ಇದ್ದರೆ ಆಗ ಬೀಳುವ ನೆರಳು ಎರಡೂವರೆ ಅಡಿಗೆ ಮೀರದು. ಉಳಿದೆಡೆಯಿಂದ ಎಳೆಬಿಸಿಲು ಒಳಗೆ ಬರುತ್ತದೆ. ಮಾರ್ಚಿಯ ಕೊನೆಗಾದರೋ ಅದೇ ಸಜ್ಜಾದ ನೆರಳು ಆರು ಅಡಿಗೂ ಮಿಕ್ಕು, ಕಿಟಕಿ ಪೂರ್ಣವಾಗಿ ಮುಚ್ಚಿಹೋಗುತ್ತದೆ. ಖರ್ಚಿಲ್ಲದೆ ದೊರೆಯುವ ಚಳಿಗಾಲದ ಬೆಚ್ಚನೆ ಇದು.

ಎರಡನೆಯದು, ಗೋಡೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಒತ್ತುಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಮಣ್ಣಿಗೆ ನೂರಕ್ಕೆ ಸುಮಾರು ಏಳು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ತೇವವಾಗಿರಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವಿಲ್ಲ, ಸುಟ್ಟ ಇಟ್ಟಿಗೆಗೆ ವ್ಯಯವಾಗುವ ಶಕ್ತಿಯಲ್ಲಿ ಅರ್ಧಕ್ಕೂ ಮಿಕ್ಕು ಉಳಿಯುತ್ತದೆ. ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಮರಳಿರಬೇಕು. ಗಾಜಿನ ಸೀಸೆಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ರಾತ್ರಿ ಇಟ್ಟರೆ ಮರಳು ತಳದಲ್ಲಿಯೂ ಜೇಡಿ ಮೇಲೆಯೂ ನಿಂತು ಪ್ರಮಾಣವನ್ನು ತಾವೇ ಹೇಳುತ್ತವೆ. ಎರೆಮಣ್ಣು ಇದಕ್ಕೆ ಸಲ್ಲದು. ಅದು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ನೀರಿನ ಹದಕ್ಕೂ ಪರೀಕ್ಷೆಯುಂಟು: ಕಲಸಿದ ಮಣ್ಣನ್ನು ಉಂಡೆಗಟ್ಟಿ ಎದೆಯೆತ್ತರದಿಂದ ಬಿಟ್ಟಾಗ ನಾಲ್ಕಾರು ಹೋಳಾದರೆ ಹದ ಸರಿ, ಪುಡಿಯಾದರೆ ನೀರು ಸಾಲದು, ಮುದ್ದೆಯಾಗಿಯೇ ಉಳಿದರೆ ನೀರು ಹೆಚ್ಚು.

ಇಂಥ ಗೋಡೆಗೂ ಕಾಲು ಒಣಗಿರಬೇಕು. ಎರೆನೆಲದಲ್ಲಿ ಗಟ್ಟಿನೆಲ ಸಿಕ್ಕುವವರೆಗೆ ತಳಪಾಯವನ್ನು ಇಳಿಸಿ, ಕಲ್ಲಿನ ಜಗಲಿಯನ್ನು ನೆಲದಿಂದ ಎರಡು ಅಡಿಯಾದರೂ ಎತ್ತರಿಸಿ, ಸೂರನ್ನು ಹೊರಕ್ಕೆ ಚಾಚಬೇಕು. ನೆರೆ ಏರುವ ಹೊಳೆಯ ದಂಡೆಯಲ್ಲಿ ಮನೆ ಕಟ್ಟದಿರುವುದೇ ಲೇಸು. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಕಬ್ಬಿಣದ ಸರಳಿಟ್ಟ ಕಾಂಕ್ರೀಟಿನ ಪಟ್ಟಿಯೊಂದು ಮನೆಯನ್ನೆಲ್ಲ ಸುತ್ತಿ ಬಿಗಿಯಬೇಕು. ಕಂಪನದಲ್ಲಿ ಗೋಡೆಗಳು ಒಂದನ್ನೊಂದು ಬಿಟ್ಟುಕೊಡದಂತೆ ಹಿಡಿಯುವುದು ಅದೇ. ಹಳೆಯ ಮನೆಯಲ್ಲಿಯೇ ಇರುವವರು ವರ್ಷವರ್ಷವೂ ಮಾಳಿಗೆಗೆ ಹೊಸ ಮಣ್ಣನ್ನು ಹೇರುವ ಮೊದಲು ಹಳೆಯದನ್ನು ಕೆರೆದು ತೆಗೆಯಲಿ. ಹೊರೆ ಹೆಚ್ಚಿದಂತೆ ಅಪಾಯವೂ ಹೆಚ್ಚು.

ಮೂರನೆಯದು, ಮಾಳಿಗೆ. ಕಾಂಕ್ರೀಟನ್ನೇ ಹಾಕುವವರು ಚಪ್ಪಡಿಯ ಕೆಳಭಾಗದಲ್ಲಿ ಸರಳುಗಳ ನಡುವೆ ಹಳೆಯ ಹಂಚುಗಳನ್ನು ಹುದುಗಿಸಬಹುದು. ಕೇರಳದಲ್ಲಿ ನೆಲೆಸಿ ಬಡವರ ಮನೆಗಳನ್ನು ಕಟ್ಟಿದ ಲಾರಿ ಬೇಕರ್ (1917–2007) ಅವರು ಬಳಸಿದ ಕ್ರಮವಿದು. ಆ ಎಡೆಯ ಕಾಂಕ್ರೀಟು ಭಾರವನ್ನು ಹೊರುವುದಿಲ್ಲವಾದುದರಿಂದ ಬಲ ಕುಂದದು, ಸಿಮೆಂಟು ಉಳಿಯುವುದು. ಆದರೆ ಸರಳಿನ ಲೆಕ್ಕವನ್ನು ಇಂಜಿನಿಯರರಿಂದಲೇ ಹಾಕಿಸಬೇಕು. ಮೇಲೆ ಪ್ರತಿ ಬೇಸಗೆಗೆ ಬಿಳಿಸುಣ್ಣ ಬಳಿಯುವುದು ಅಗ್ಗದ ಉಪಾಯ.

ಕೊನೆಯದು, ಬಚ್ಚಲು. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 4.7 ಯೂನಿಟ್ ವಿದ್ಯುತ್ತು ಬೇಕು. ಎರಡು ಚದರ ಮೀಟರ್ ವಿಸ್ತಾರದ ಸೌರಫಲಕವೊಂದು, ತೆಂಕಣಕ್ಕೆ ಮುಖಮಾಡಿ, ಬಿಸಿಲಿನ ದಿನಗಳಲ್ಲಿ ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ. ಸೌದೆಯನ್ನೇ ನಂಬಿದವರು ಹಂಡೆಯ ಒಲೆಗೆ ಕಬ್ಬಿಣದ ಜಾಲರಿಯನ್ನೂ ಹೊಗೆಗೊಳವೆಯನ್ನೂ ಇಡಿಸಲಿ. ಗಾಳಿ ಅಡಿಯಿಂದ ಆಡಿದರೆ ಸೌದೆ ಪೂರ್ಣವಾಗಿ ಉರಿಯುತ್ತದೆ, ಹೆಣ್ಣುಮಕ್ಕಳ ಕಣ್ಣೂ ಉಳಿಯುತ್ತದೆ.

ಕಾಯಕವೇ ಶ್ರೇಷ್ಠವೆಂದು ಸಾರಿದ ಪರಂಪರೆ ನಮ್ಮದು. ಕೈಯೊತ್ತಿನ ಯಂತ್ರವನ್ನು ಒಂದು ಓಣಿಯವರು ಕೂಡಿ ತಂದರೆ, ಮನೆಯವರೇ ಮಣ್ಣು ಸಾಣಿಸಿ ಇಟ್ಟಿಗೆಯನ್ನು ಒತ್ತಬಹುದು. ದಾನಿಗಳು ಶಾಲೆಗೆ ಹೊಸ ಕೋಣೆಯನ್ನು ಕಟ್ಟಿಸುವಾಗ ಇವುಗಳಲ್ಲಿ ಒಂದೆರಡು ಕ್ರಮಗಳನ್ನಾದರೂ ಅನುಸರಿಸಿದರೆ, ಮಕ್ಕಳಿಗೆ ನೆರಳೂ ಪಾಠವೂ ಒಟ್ಟಿಗೆ ದೊರೆತಂತಾಗುವುದು.