ಫ್ಲಾಪಿ ಹೊಳೆ ದಾಟಿತು, ಅಕ್ಷರ ದಾಟಲಿಲ್ಲ

ತೆಲಂಗಾಣದ ಮಕ್ತಲ್ ಕಡೆಯಿಂದ ಹೊರಟು ಕೃಷ್ಣಾ ಸೇತುವೆ ದಾಟಿದರೆ ಶಕ್ತಿನಗರ, ಮುಂದೆ ರಾಯಚೂರು. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳಂತೂ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಹಬೂಬನಗರಕ್ಕೆ ಸೇರಿದವು. ನಾರಾಯಣಪೇಟೆ 2019ರಿಂದ ತಾನೇ ಒಂದು ಜಿಲ್ಲೆ. ಗಡಿ ಎಲ್ಲಿಗೆ ಸರಿದರೂ ಹೆಣ್ಣು ಕೊಡುವುದು, ತರುವುದು, ಜಾತ್ರೆಗೆ ಹೋಗುವುದು ನಿಲ್ಲಲಿಲ್ಲ. ಕೃಷ್ಣಾ ಮಂಡಲದಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮದುವೆ ಕಾರ್ಡು, ಕರಪತ್ರ, ಪ್ರಶ್ನೆಪತ್ರಿಕೆಗಳಿಗೆ ಎರಡೆರಡು ಲಿಪಿ ಬೇಕಾಗುವ ಇಂಥ ಸೀಮೆಗೆ ಫ್ಲಾಪಿಯ ಕಾಲ ಕೊಟ್ಟಷ್ಟು ತೊಂದರೆಯನ್ನು ಒಂದೇ ಲಿಪಿಯಲ್ಲಿ ಬಾಳುವ ಊರುಗಳಿಗೆ ಕೊಟ್ಟಿರಲಾರದು.

ಮೊದಲ ತೊಡಕು ಯಂತ್ರದ್ದು. ಐದೂಕಾಲು ಇಂಚಿನ ಹಳೆಯ ಫ್ಲಾಪಿಯಲ್ಲಿ 360 ಕೆಬಿ ಹಿಡಿಯುತ್ತಿತ್ತು, ಒಂದು ಬದಿಗೆ 40 ಟ್ರ್ಯಾಕ್. ಆಮೇಲೆ ಬಂದ 1.2 ಎಂಬಿ ಡ್ರೈವ್ 80 ಟ್ರ್ಯಾಕ್ ಬರೆಯುವಂಥದ್ದು; ಅದರ ಹೆಡ್ ಸಪೂರ. ಹೊಸ ಡ್ರೈವಿನಲ್ಲಿ ಹಳೆಯ ಫ್ಲಾಪಿಯ ಮೇಲೆ ಬರೆದರೆ ಅಗಲವಾದ ಹಳೆಯ ಗುರುತಿನ ನಡುವೆ ತೆಳ್ಳನೆಯ ಹೊಸ ಗುರುತು ಬೀಳುತ್ತಿತ್ತು. ಅದನ್ನು ಹಳೆಯ ಡ್ರೈವಿಗೆ ಹಾಕಿದರೆ ಅಗಲ ಹೆಡ್‌ಗೆ ಹೊಸದೂ ಹಳೆಯದೂ ಒಟ್ಟಿಗೇ ಸಿಕ್ಕಿ ಫೈಲು ತೆರೆಯದೇ ಹೋಗುವುದಿತ್ತು. ಮ್ಯಾಕಿಂಟಾಷ್‌ನ 400 ಮತ್ತು 800 ಕೆಬಿ ಫ್ಲಾಪಿಗಳದು ಇನ್ನೊಂದು ಬಗೆ: ಹೆಡ್ ಹೊರಗಿನಿಂದ ಒಳಗೆ ಸರಿದಂತೆ ತಟ್ಟೆಯ ವೇಗವೇ ಬದಲಾಗುತ್ತಿತ್ತು, ಒಂದೇ ವೇಗದಲ್ಲಿ ತಿರುಗುವ ಪಿಸಿಗೆ ಅದು ದಕ್ಕುತ್ತಿರಲಿಲ್ಲ. 1988ರಲ್ಲಿ 1.44 ಎಂಬಿಯ ಡ್ರೈವ್ ಮ್ಯಾಕ್‌ಗೂ ಬಂದ ಮೇಲೆ ಮೂರೂವರೆ ಇಂಚಿನ ಗಟ್ಟಿ ಫ್ಲಾಪಿ ಎರಡೂ ಕಡೆ ಓಡಾಡತೊಡಗಿತು.

ಯಂತ್ರದ ಜಗಳ ಹೀಗೆ ಬಗೆಹರಿಯಿತು. ಕನ್ನಡದ್ದು ಬಗೆಹರಿಯಲಿಲ್ಲ.

ಡಿಟಿಪಿ ಕೆಲಸ ಮಾಡಿದವರಿಗೆಲ್ಲ ಇದರ ಅನುಭವವಿದೆ. ನುಡಿ ಫಾಂಟಿನಲ್ಲಿ ‘ಕರ್ನಾಟಕ’ ಎಂದು ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ. ಮೊದಲು ಇಂಗ್ಲಿಷಿನ ದೊಡ್ಡ ‘ಪಿ’ ಕಾಣುತ್ತದೆ. ಅದು ತಲೆಕಟ್ಟಿಲ್ಲದ ಕ. ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆ ಇರುವ ‘ಎ’, ಅದೇ ತಲೆಕಟ್ಟು. ನ ಇರಬೇಕಾದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ, ದೀರ್ಘಕ್ಕೆ ಇನ್ನೊಂದು ಬಗೆಯ ‘ಎ’, ಅರ್ಕಾವೊತ್ತಿಗೆ ಐಸ್‌ಲ್ಯಾಂಡಿನವರು ಬಳಸುವ ಒಂದು ಅಕ್ಷರ. ಅರ್ಕಾವೊತ್ತು ‘ನಾ’ ಆದ ಮೇಲೆ ಕೂತಿರುವುದನ್ನೂ ಗಮನಿಸಿ. ನಾವು ಉಚ್ಚರಿಸುವುದು ರ್ ಮೊದಲು, ನಾ ಆಮೇಲೆ. ಫಾಂಟು ಬರೆದಿಟ್ಟುಕೊಂಡದ್ದು ಕಣ್ಣಿಗೆ ಕಾಣುವ ಕ್ರಮದಲ್ಲಿ. ಕಂಪ್ಯೂಟರಿನ ಪಾಲಿಗೆ ಅಲ್ಲಿ ಕನ್ನಡವೇ ಇರಲಿಲ್ಲ, ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ವೇಷವಿತ್ತು. ಶ್ರೀಲಿಪಿ ತಂತ್ರಾಂಶದ ವೇಷ ಬೇರೆ, ಆಕೃತಿಯದು ಬೇರೆ, ಪ್ರಕಾಶಕ್‌ನದು ಬೇರೆ. ತೆಲುಗು ಡಿಟಿಪಿಯಲ್ಲಿ ನಡೆಯುತ್ತಿದ್ದ ಅನು ಫಾಂಟುಗಳದು ಮತ್ತೂ ಬೇರೆ. ಕನ್ನಡದ ಫೈಲಿಗೆ ತೆಲುಗು ಫಾಂಟ್ ಕೊಟ್ಟರೆ ತೆಲುಗಿನ ತುಂಡು ಗುಣಿತ, ಒತ್ತುಗಳು ಪುಟದ ತುಂಬ ಚೆಲ್ಲಾಡುತ್ತಿದ್ದವು. ಫೈಲಿನ ಜೊತೆ ಫಾಂಟನ್ನೂ ಫ್ಲಾಪಿಗೆ ತುಂಬಿ ಒಯ್ಯುವುದು ಒಂದು ದಾರಿ. ಲಾಕ್ ಹಾಕಿದ ತಂತ್ರಾಂಶವಾದರೆ ಆ ದಾರಿಯೂ ಇಲ್ಲ. ಮತ್ತೆ ಕೂತು ಟೈಪ್ ಮಾಡಬೇಕು, ಮತ್ತೆ ಕರಡು ತಿದ್ದಬೇಕು.

ನನಗೆ ಸಂಕಟವಾಗುವುದು ಇಲ್ಲಿ. ಈ ಸೀಮೆಗೆ ಬೇಕಾದ ಪರಿಹಾರ ಆ ಹೊತ್ತಿಗಾಗಲೇ ದೇಶದಲ್ಲಿತ್ತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ಕ, ತೆಲುಗಿನ ಕ, ದೇವನಾಗರಿಯ ಕ ಮೂರಕ್ಕೂ ಒಂದೇ ಸಂಖ್ಯೆ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಕಂಪ್ಯೂಟರಿನಲ್ಲಿ ಲಿಪಿ ಬದಲಿಸಿದರೆ ಸಾಕು, ಕನ್ನಡದಲ್ಲಿ ಟೈಪ್ ಮಾಡಿದ ಹೆಸರುಪಟ್ಟಿ ತೆಲುಗಿನಲ್ಲಿ ಕಾಣುತ್ತಿತ್ತು. ವಧೂವರರ ಹೆಸರನ್ನೂ ಬಂಧುಗಳ ಹೆಸರನ್ನೂ ಎರಡು ಲಿಪಿಯಲ್ಲಿ ಅಚ್ಚು ಹಾಕಿಸುವವರಿಗೆ ಇದಕ್ಕಿಂತ ಏನು ಬೇಕು? ಆದರೆ ಅಚ್ಚಿನ ಕೆಲಸವೆಲ್ಲ ವಿಂಡೋಸ್‌ಗೂ ಪೇಜ್‌ಮೇಕರ್‌ಗೂ ಹೋಯಿತು, ಅಲ್ಲಿ ಚೆಂದದ ಫಾಂಟಿಗೇ ಬೆಲೆ.

ಕೆ.ಪಿ. ರಾವ್ ಅವರು ‘ಸೇಡಿಯಾಪು’ ತಂತ್ರಾಂಶದ ಮೂಲಕ ಕೊಟ್ಟ ಕೀಲಿಮಣೆ ವಿನ್ಯಾಸ ಟೈಪಿಂಗನ್ನು ಹಗುರ ಮಾಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೊಂದಿಗೆ ಕರ್ನಾಟಕದೊಳಗೆ ಫಾಂಟುಗಳ ಸಂಕೇತ ಒಂದಾಗತೊಡಗಿತು, ಹೊಳೆಯಾಚೆಯ ತೆಲುಗಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎರಡನ್ನೂ ಮತ್ತೆ ಹತ್ತಿರ ತಂದದ್ದು ಯೂನಿಕೋಡ್. ಅಲ್ಲಿ ತೆಲುಗಿನ ಕ 3093, ಕನ್ನಡದ ಕ 3221; ಎರಡೂ ಲಿಪಿಯಲ್ಲಿ ಇಂದು ಬಳಕೆಯಲ್ಲಿರುವ ಅಕ್ಷರ ಯಾವುದನ್ನೇ ತೆಗೆದುಕೊಳ್ಳಿ, ನಡುವಿನ ಅಂತರ 128. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡದ ‘ತುಂಗಾ’ ಫಾಂಟನ್ನೂ ತೆಲುಗಿನ ‘ಗೌತಮಿ’ ಫಾಂಟನ್ನೂ ಜೊತೆಗೇ ತಂದಿತು. ಫ್ಲಾಪಿಗೆ ಆಗ ವಯಸ್ಸಾಗಿತ್ತು. 2011ರಲ್ಲಿ ಸೋನಿ ಕಂಪನಿಯೂ ಅದರ ಮಾರಾಟ ನಿಲ್ಲಿಸಿತು.

ಸಂಘದ ಸ್ಮರಣ ಸಂಚಿಕೆ, ಶಾಲೆಯ ನಾಟಕ, ಮನೆತನದ ವಂಶಾವಳಿ ಫ್ಲಾಪಿಯಲ್ಲಿ ಉಳಿದಿದ್ದರೆ ಇನ್ನು ಕಾಯಬಾರದು. ಗಡಿನಾಡಿನ ಕನ್ನಡದ ದಾಖಲೆ ಮೊದಲೇ ಕಡಿಮೆ. ಮೂರೂವರೆ ಇಂಚಿನದಕ್ಕೆ ಯುಎಸ್‌ಬಿ ಡ್ರೈವ್ ಸಿಗುತ್ತದೆ. ಐದೂಕಾಲು ಇಂಚಿನದಕ್ಕೆ ಹಳೆಯ ಡ್ರೈವನ್ನೇ ಹುಡುಕಬೇಕು. ಬೂಷ್ಟು ಹಿಡಿದಿದ್ದರೆ ಹಾಗೇ ತುರುಕಬೇಡಿ, ಹೆಡ್ ಕೆಟ್ಟರೆ ಮುಂದಿನ ಫ್ಲಾಪಿಗಳೂ ಹಾಳು. ಫೈಲು ಕೈಗೆ ಬಂದ ಮೇಲೆ ಮೂಲಪ್ರತಿಯನ್ನು ಹಾಗೇ ಇಟ್ಟು, ನಕಲನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ಯಾವ ಪರಿವರ್ತಕ ಬೇಕೆಂಬುದು ಮೂಲ ಫಾಂಟಿನ ಮೇಲೆ ನಿಂತಿದೆ. ಫೈಲನ್ನು ಟೈಪ್ ಮಾಡಿದವರು ಇನ್ನೂ ಊರಲ್ಲಿದ್ದರೆ, ಫಾಂಟು ಯಾವುದೆಂದು ಈಗಲೇ ಕೇಳಿ ಚೀಟಿಯ ಮೇಲೆ ಬರೆದಿಡಿ.